ಶಿರಾಡಿ ಘಾಟಿಯಲ್ಲಿ ಹತ್ತಿದ ಎರಡು ದೀಪ

ಭಾನುವಾರ ಸಂಜೆ ಐದೂವರೆಗೆ ತಮ್ಮನ ಫೋನು. ಚಿಕ್ಕಪ್ಪನ ಮಗ. ಚಿಕ್ಕಮ್ಮನನ್ನು ಮಂಗಳೂರಿನಲ್ಲಿ ಡಾಕ್ಟರಿಗೆ ತೋರಿಸಿಕೊಂಡು ಹಾಸನಕ್ಕೆ ವಾಪಸ್ ಬರುತ್ತಿದ್ದ.

"ಅಣ್ಣ, ದೋಣಿಗಲ್ ಹತ್ರ ನಿಂತಿದ್ದೀನಿ. ಇಂಜಿನ್ ಹೋಯ್ತಂತೆ. 42 ಸಾವಿರ ಆಗುತ್ತಂತೆ."

ಹೋಯ್ತಂತೆ, ಆಗುತ್ತಂತೆ. ಯಾರು ಹೇಳಿದ್ದು ಅಂತ ಕೇಳಿದೆ. ಟೀ ಅಂಗಡಿಯವರು ಯಾರೋ ಮೆಕ್ಯಾನಿಕ್‌ಗೆ ಫೋನ್ ಮಾಡಿದ್ದರಂತೆ. ಅವರು ಬೈಕಿನಲ್ಲಿ ಬಂದು, ಬಾನೆಟ್ ಎತ್ತಿ, ಎರಡು ಸಲ ರೇಸ್ ಮಾಡಿಸಿ, "ಬೇರಿಂಗ್ ಸದ್ದು, ಇಂಜಿನ್ ಇಳಿಸಬೇಕು" ಅಂದರಂತೆ. ಹೋಗುವ ಮುಂಚೆ ಬ್ಯಾಟರಿ ಟರ್ಮಿನಲ್ ಬಿಚ್ಚಿ ಮತ್ತೆ ಸಿಕ್ಕಿಸಿದ್ದಾರೆ. ಡ್ಯಾಶ್‌ಬೋರ್ಡಿನಲ್ಲಿ ಹತ್ತಿದ್ದ ಹಳದಿ ದೀಪ ಆರಿದೆ. ಅದಕ್ಕೆ 200 ರೂಪಾಯಿ.

ಗಾಡಿ 2014ರ ಮಾಡೆಲ್. ಮೂರು ಸಿಲಿಂಡರಿನ 1 ಲೀಟರ್ ಪೆಟ್ರೋಲ್ ಇಂಜಿನ್. ಯಾವ ಕಂಪನಿಯದು ಅನ್ನುವುದು ಇಲ್ಲಿ ಮುಖ್ಯ ಅಲ್ಲ, ತಪ್ಪು ಕಂಪನಿಯದೂ ಅಲ್ಲ. ತಮ್ಮ ಅದನ್ನು ಸೆಕೆಂಡ್ ಹ್ಯಾಂಡ್ ತಗೊಂಡು ಎರಡು ವರ್ಷ ಆಗಿತ್ತು. ಆ ತಿಂಗಳು ರಿಪೇರಿಗೆ ಅಂತ ಅವನು ಹೊಂದಿಸಬಹುದಾಗಿದ್ದು 6,000 ರೂಪಾಯಿ, ಅಷ್ಟೇ. ನಾನು ಹಾಸನದಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟವನು, ಅದಕ್ಕೂ ಮುಂಚೆ ಎಂಟು ವರ್ಷ ಗ್ಯಾರೇಜಿನಲ್ಲಿ ಕೈ ಮಸಿ ಮಾಡಿಕೊಂಡವನು. ಹಾಗಾಗಿ ನಮ್ಮ ಮನೆತನದಲ್ಲಿ ಯಾರ ಗಾಡಿ ಕೆಮ್ಮಿದರೂ ಫೋನು ನನಗೇ.

ಮೊದಲು ನಡೆದದ್ದನ್ನು ಸಾಲಾಗಿ ಹೇಳಿಸಿದೆ. ಗುಂಡ್ಯ ದಾಟಿ ಘಾಟಿ ಹತ್ತುವಾಗ ಗಾಡಿ ನಡುಗಲು ಶುರುವಾಯಿತು. ಪಿಕಪ್ ಇಲ್ಲ. ಇಂಜಿನ್ ಚಿತ್ರದ ಹಳದಿ ದೀಪ ಮಿಣಮಿಣ ಮಿನುಗಿತು. ಮಾರನಹಳ್ಳಿ ಆಸುಪಾಸಿನಲ್ಲಿ ಆಯಿಲ್ ಕ್ಯಾನಿನ ಚಿತ್ರದ ಕೆಂಪು ದೀಪವೂ ಸೇರಿಕೊಂಡಿತು. ಜೊತೆಗೆ ಟಕಟಕ ಸದ್ದು.

"ಕೆಂಪು ದೀಪ ಹತ್ತಿ ನಿಂತೇ ಇತ್ತಾ, ಬಂದು ಹೋಗಿ ಮಾಡುತ್ತಿತ್ತಾ?"

"ತಿರುವಲ್ಲಿ ಬರೋದು, ನೇರ ಆದ್ರೆ ಹೋಗೋದು. ಬ್ರೇಕ್ ಹಾಕಿದ್ರೂ ಒಂದ್ಸಲ ಬಂತು. ಅದಕ್ಕೇ ವೈರಿಂಗ್ ಲೂಸ್ ಇರಬೇಕು ಅಂತ ಓಡಿಸ್ಕೊಂಡು ಬಂದೆ."

ಬೈಯಬೇಕು ಅನಿಸಿತು. ಪಕ್ಕದಲ್ಲಿ ಚಿಕ್ಕಮ್ಮ ಇದ್ದರು, ಸುಮ್ಮನಾದೆ. ಆದರೆ ಅವನು ಹೇಳಿದ ಆ ಒಂದು ಮಾತಿನಲ್ಲೇ ಅರ್ಧ ಉತ್ತರ ಇತ್ತು.

ಆ ಕೆಂಪು ದೀಪ ಆಯಿಲ್ ಎಷ್ಟಿದೆ ಅಂತ ಅಳೆಯುವುದಿಲ್ಲ. ಆಯಿಲ್ ಪಂಪಿನಿಂದ ಹೋಗುವ ದಾರಿಯಲ್ಲಿ ಒಂದು ಸಣ್ಣ ಸ್ವಿಚ್ ಇರುತ್ತದೆ. ಅಲ್ಲಿನ ಒತ್ತಡ ಅರ್ಧ ಬಾರ್ ಆಸುಪಾಸಿಗೆ ಇಳಿದರೆ ದೀಪ ಹತ್ತುತ್ತದೆ. ಅಂದರೆ ದೀಪ ಕಂಡಾಗ ಬೇರಿಂಗುಗಳಿಗೆ ಆಯಿಲ್ ಸರಿಯಾಗಿ ಹೋಗುತ್ತಿಲ್ಲ. ಇಂಜಿನ್ ಬಿಸಿಯಾಗಿ ಐಡಲ್‌ನಲ್ಲಿ ನಿಂತಾಗ ಮಾತ್ರ ದೀಪ ಮಿನುಗಿದರೆ ಪಂಪು, ಬೇರಿಂಗು ಸವೆದಿರಬಹುದು ಅಂತ ಅನುಮಾನ ಪಡಬೇಕು. ತಿರುವಿನಲ್ಲಿ, ಬ್ರೇಕಿನಲ್ಲಿ ಬಂದು ಹೋಗುತ್ತಿದ್ದರೆ ಲೆಕ್ಕ ಬೇರೆ. ಕೆಳಗಿನ ಚೇಂಬರಿನಲ್ಲಿ ಆಯಿಲ್ ತಳ ಕಂಡಿರುತ್ತದೆ, ಗಾಡಿ ವಾಲಿದಾಗ ಇದ್ದದ್ದೂ ಒಂದು ಪಕ್ಕಕ್ಕೆ ಸರಿಯುತ್ತದೆ, ಪಂಪು ಗಾಳಿ ಎಳೆಯುತ್ತದೆ. ಬಿಂದಿಗೆ ತಳದಲ್ಲಿ ಒಂದು ಲೋಟ ನೀರಿದ್ದಾಗ ಸೌಟು ಹಾಕಿದ ಹಾಗೆ.

"ಡಿಪ್‌ಸ್ಟಿಕ್ ತೆಗೆದು ನೋಡಿದ್ರಾ?"

"ಯಾವುದು?"

ಯಾರೂ ನೋಡಿರಲಿಲ್ಲ. ಇಂಜಿನ್ ಇಳಿಸಬೇಕು ಅಂದವರೂ ನೋಡಿರಲಿಲ್ಲ. ಗಾಡಿಯನ್ನು ಮಟ್ಟಸವಾದ ಜಾಗಕ್ಕೆ ತಳ್ಳಿಸಿ, ಹತ್ತು ನಿಮಿಷ ಬಿಟ್ಟು, ಆಯಿಲ್ ಅಳೆಯುವ ಹಳದಿ ಹಿಡಿಯ ಕಡ್ಡಿ ಎಳೆದು, ಒರೆಸಿ, ಪೂರ್ತಿ ಒಳಗೆ ತಳ್ಳಿ ಮತ್ತೆ ತೆಗೆ ಅಂದೆ. ಫೋಟೋ ಬಂತು. ಕಡ್ಡಿಯ ತುದಿಯಲ್ಲಿ ಒಂದು ಕಪ್ಪು ತೊಟ್ಟು, ಅದೂ ಕೆಳಗಿನ ಗುರುತಿಗಿಂತ ಕೆಳಗೆ. ಉಳಿದ ಕಡ್ಡಿ ಒಣಗಿತ್ತು.

ಟೀ ಅಂಗಡಿಯ ಹುಡುಗನ ಬೈಕಿನಲ್ಲಿ ಸಕಲೇಶಪುರದ ಬಂಕಿಗೆ ಹೋಗಿ ಎರಡು ಲೀಟರ್ ಆಯಿಲ್ ತಂದ. 900 ರೂಪಾಯಿ. ಒಂದೂವರೆ ಲೀಟರ್ ಹಿಡಿಯಿತು, ಆಗ ಕಡ್ಡಿಯ ಎರಡು ಗುರುತಿನ ನಡುವೆ ಬಂತು. ಈ ಇಂಜಿನ್ನಿಗೆ ಬೇಕಾದದ್ದೇ ಸುಮಾರು ಮೂರು ಲೀಟರ್. ಅಂದರೆ ಅರ್ಧಕ್ಕೂ ಕಮ್ಮಿ ಆಯಿಲಿನಲ್ಲಿ ಶಿರಾಡಿ ಹತ್ತಿಸಿದ್ದಾನೆ.

ಸ್ಟಾರ್ಟ್ ಮಾಡು, ರೇಸ್ ಮಾತ್ರ ಮಾಡಬೇಡ ಅಂದೆ. ಕೆಂಪು ದೀಪ ಎರಡು ಸೆಕೆಂಡಿನಲ್ಲಿ ಆರಿತು. ಸದ್ದು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ವಾಯ್ಸ್ ಮೆಸೇಜಿನಲ್ಲಿ ಸದ್ದು ಕಳಿಸಿದ. ಕೇಳಿದರೆ ಮಳೆ ಬಂದ ಹಾಗಿತ್ತು. ಫೋನು ಮಾತಿಗೆ ತಕ್ಕಂತೆ ದನಿಯನ್ನು ಹಿಂಡಿಬಿಡುತ್ತದೆ, ಇಂಜಿನ್ ಸದ್ದನ್ನು ಅದರಲ್ಲಿ ನಂಬಬಾರದು.

ಈಗ ಟೋ ಮಾಡಿಸಬೇಕಾ, ಓಡಿಸಿಕೊಂಡು ಬರಬೇಕಾ? ಟೋ ಅಂದರೆ ಅವನ ಬಜೆಟ್ಟಿನ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಖರ್ಚು. ಐದು ನಿಮಿಷ ಐಡಲ್‌ನಲ್ಲಿ ಬಿಡಿಸಿದೆ, ದೀಪ ಬರಲಿಲ್ಲ, ಸದ್ದು ಹೆಚ್ಚಲಿಲ್ಲ. ಮೆಲ್ಲಗೆ ಆಕ್ಸಿಲರೇಟರ್ ಕೊಡು, ದಬದಬ ಅಂತ ತಗ್ಗಿನ ಸದ್ದು ಬರುತ್ತಾ ಕೇಳು ಅಂದೆ. ಇಲ್ಲ ಅಂದ. ಹಾಗಾದರೆ 50 ಮೀರದೆ ಬಾ, ಕೆಂಪು ಒಂದು ಸಲ ಮಿನುಗಿದರೂ ಅಲ್ಲೇ ಆಫ್ ಮಾಡು ಅಂದೆ. ಇದು ಧೈರ್ಯ ಮಾಡಿ ಹೇಳಿದ್ದು. ಎಲ್ಲರಿಗೂ ಹೇಳುವ ಮಾತಲ್ಲ. ರಾತ್ರಿ ಎಂಟೂವರೆಗೆ ಮನೆ ಮುಂದೆ ಗಾಡಿ ನಿಂತಿತು.

ಸೋಮವಾರ ಬೆಳಗ್ಗೆ ಇಂಜಿನ್ ತಣ್ಣಗಿರುವಾಗಲೇ ಹೋದೆ. ಬಾಗಿಲ ಕಂಬದ ಮೇಲೆ ಸರ್ವೀಸ್ ಸ್ಟಿಕ್ಕರ್ ಇತ್ತು. ಮುಂದಿನ ಆಯಿಲ್ ಬದಲಾವಣೆ 68,200 ಕಿ.ಮೀ.ಗೆ ಅಂತ ಬರೆದಿತ್ತು. ಮೀಟರ್ ನೋಡಿದರೆ 77,450. ಹತ್ತು ಸಾವಿರಕ್ಕೊಮ್ಮೆ ಬದಲಿಸಬೇಕಾದ ಆಯಿಲ್ 19 ಸಾವಿರ ದಾಟಿತ್ತು. "ಗಾಡಿ ಚೆನ್ನಾಗೇ ಓಡ್ತಿತ್ತಲ್ಲ ಅಣ್ಣ" ಅಂದ. ಎಲ್ಲರೂ ಹೇಳುವುದು ಅದನ್ನೇ.

ಸ್ಟಾರ್ಟ್ ಮಾಡಿಸಿದೆ. ಉದ್ದನೆಯ ಸ್ಕ್ರೂಡ್ರೈವರ್ ತಗೊಂಡು, ಅದರ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ, ತುದಿಯನ್ನು ಇಂಜಿನ್ನಿನ ಮೇಲೆ ಒಂದೊಂದೇ ಕಡೆ ಇಟ್ಟೆ. ಕಾಸಿಲ್ಲದ ಸ್ಟೆತಸ್ಕೋಪು ಇದು. ಬೆಲ್ಟಿನ ಕಡೆ ಶರಟಿನ ತೋಳು ಹೋಗದ ಹಾಗೆ ನೋಡಿಕೊಳ್ಳಬೇಕು. ಕೆಳಗೆ ಚೇಂಬರಿನ ಹತ್ತಿರ ಇಟ್ಟರೆ ಬರೀ ಗುಯ್ ಅನ್ನುವ ಸಮನಾದ ಸದ್ದು. ಮೇಲೆ ಟ್ಯಾಪೆಟ್ ಕವರಿನ, ಅಂದರೆ ವಾಲ್ವುಗಳನ್ನು ಮುಚ್ಚುವ ಮುಚ್ಚಳದ ಮೇಲೆ ಇಟ್ಟರೆ ಟಿಕ್ ಟಿಕ್ ಸ್ಪಷ್ಟ.

ಸದ್ದಿನ ವೇಗವೂ ಒಂದು ಸಾಕ್ಷಿ. ಐಡಲ್‌ನಲ್ಲಿ ಇಂಜಿನ್ ನಿಮಿಷಕ್ಕೆ 800 ಸುತ್ತು ಅಂದುಕೊಳ್ಳಿ. ಪಿಸ್ಟನ್ನುಗಳು ತಿರುಗಿಸುವ ಕೆಳಗಿನ ದಂಡ, ಕ್ರ್ಯಾಂಕು, ಸೆಕೆಂಡಿಗೆ 13 ಸಲ ತಿರುಗುತ್ತದೆ. ವಾಲ್ವುಗಳನ್ನು ತೆರೆಯುವ ಮೇಲಿನ ದಂಡ, ಕ್ಯಾಮು, ಅದರ ಅರ್ಧ, ಅಂದರೆ ಆರು ಏಳು ಸಲ. ಒಂದು ವಾಲ್ವಿನ ಸದ್ದಾದರೆ ಬಾನೆಟ್ ಮೇಲೆ ಬೆರಳಿನಲ್ಲಿ ತಾಳ ಹಾಕುತ್ತಾ ಜೊತೆಗೆ ಹೋಗಬಹುದು. ಕ್ರ್ಯಾಂಕಿನ ಕಡೆಯ ಸದ್ದಾದರೆ ಸೆಕೆಂಡಿಗೆ 13, ಅದಕ್ಕೆ ಬೆರಳು ಸೋಲುತ್ತದೆ. ಈ ಸದ್ದಿಗೆ ನನ್ನ ಬೆರಳು ಸಿಕ್ಕಿತು.

ಇನ್ನೊಂದು ಪರೀಕ್ಷೆ ಮಾಡಿದೆ. ಇಂಜಿನ್ ಆಫ್ ಮಾಡಿ, ಒಂದು ಸಿಲಿಂಡರಿನ ಪ್ಲಗ್ಗಿಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲಿನ ಕನೆಕ್ಟರ್ ಬಿಚ್ಚಿ, ಮತ್ತೆ ಸ್ಟಾರ್ಟ್ ಮಾಡಿ ಕೆಲವೇ ಸೆಕೆಂಡು ಕೇಳಬೇಕು. ಜಾಸ್ತಿ ಹೊತ್ತು ಬಿಟ್ಟರೆ ಉರಿಯದ ಪೆಟ್ರೋಲು ಹೊಗೆಯ ವಿಷ ಕಳೆಯುವ, ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತದೆ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡಿನ ಬೇರಿಂಗ್ ಹೋಗಿದ್ದರೆ, ಆ ಸಿಲಿಂಡರ್ ಉರಿಯದಿದ್ದಾಗ ಹೊಡೆತ ತಪ್ಪಿ ಸದ್ದು ಮೆತ್ತಗಾಗುತ್ತದೆ. ಮೂರನ್ನೂ ಒಂದೊಂದಾಗಿ ನೋಡಿದೆ. ಗಾಡಿ ಕುಂಟಿತು, ಟಿಕ್ ಟಿಕ್ ಮಾತ್ರ ಹಾಗೇ ಇತ್ತು. ಬೇರಿಂಗ್ ಅಲ್ಲ ಅನ್ನುವುದಕ್ಕೆ ಅಲ್ಲಿಗೆ ಮುಕ್ಕಾಲು ಪಾಲು ಖಾತ್ರಿ.

ಉಳಿದ ಕಾಲು ಪಾಲಿಗೆ ದುಡ್ಡು ಖರ್ಚು ಮಾಡಿಸಿದೆ. ಬಜೆಟ್ ಬಿಗಿ ಇದ್ದಾಗ ಇದನ್ನೇ ಬಿಡೋಣ ಅನಿಸುತ್ತದೆ. ಆದರೆ ಕೆಂಪು ದೀಪದಲ್ಲಿ ಅಷ್ಟು ದೂರ ಓಡಿದ ಇಂಜಿನ್ನಿಗೆ ಇದು ಬೇಕೇ ಬೇಕು. ಹಳೇ ಪರಿಚಯದ ಮೆಕ್ಯಾನಿಕ್ ಒಬ್ಬರ ಹತ್ತಿರ ಆಯಿಲ್ ಪ್ರೆಶರ್ ಗೇಜ್ ಇದೆ. ಆ ಸ್ವಿಚ್ ಬಿಚ್ಚಿ ಅದೇ ತೂತಿಗೆ ಗೇಜ್ ಹಾಕಿದರು. ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಐಡಲ್‌ನಲ್ಲಿ 1.2 ಬಾರ್, 3,000 ಸುತ್ತಿಗೆ 3.4 ಬಾರ್. ಸವೆದ ಇಂಜಿನ್ ಇಷ್ಟು ತೋರಿಸುವುದಿಲ್ಲ. "ಇದನ್ನ ಇಳಿಸ್ಬೇಕು ಅಂದೋರ್ಯಾರು?" ಅಂತ ನಕ್ಕರು. 250 ರೂಪಾಯಿ ತಗೊಂಡರು.

ಹಾಗೇ ಆಯಿಲ್ ಇಳಿಸಿದೆವು. ಭಾನುವಾರ ಹಾಕಿದ ಹೊಸ ಆಯಿಲೂ ಅದರ ಜೊತೆಗೇ ಹೋಯಿತು. ತಮ್ಮನಿಗೆ ಹೊಟ್ಟೆ ಉರಿಯಿತು. ಹಳೇ ಆಯಿಲ್ ಫಿಲ್ಟರಿನ ಡಬ್ಬಿಯನ್ನು ಹ್ಯಾಕ್ಸಾದಲ್ಲಿ ಕೊಯ್ದು, ಒಳಗಿನ ಕಾಗದದ ಮಡಿಕೆಗಳನ್ನು ಬಿಡಿಸಿ, ಪೇಪರ್ ಮೇಲೆ ಹರಡಿ ಬಿಸಿಲಿಗೆ ಹಿಡಿದೆ. ಬೇರಿಂಗ್ ಸವೆದಿದ್ದರೆ ಮಡಿಕೆಯ ಸಂದಿಯಲ್ಲಿ ಜರಿಯ ಪುಡಿ ಹಾಗೆ ಹೊಳೆಯುತ್ತದೆ. ಕೆಲವರು ಅಯಸ್ಕಾಂತ ಆಡಿಸಿ ಏನೂ ಅಂಟಲಿಲ್ಲ, ಸರಿ ಇದೆ ಅಂತಾರೆ. ಬೇರಿಂಗಿನ ಮೇಲ್ಪದರದ ಲೋಹ ಅಯಸ್ಕಾಂತಕ್ಕೆ ಅಂಟುವುದೇ ಇಲ್ಲ. ಕಣ್ಣಲ್ಲೇ ನೋಡಬೇಕು. ಕೊಯ್ದಾಗ ಬಿದ್ದ ಡಬ್ಬಿಯ ಪುಡಿ ಬಿಟ್ಟರೆ ಮಡಿಕೆಯೊಳಗೆ ಹೊಳಪು ಕಾಣಲಿಲ್ಲ. ಮಸಿ ಮಾತ್ರ, ಕಾಡಿಗೆಯಷ್ಟು ದಪ್ಪ.

ಕೆಂಪು ದೀಪದ ಕಥೆ ಅಲ್ಲಿಗೆ ಮುಗಿಯಿತು. ಹಳದಿಯದು ಬಾಕಿ.

ಭಾರತದಲ್ಲಿ 2013ರ ಏಪ್ರಿಲ್‌ನಿಂದ ಕಾರುಗಳಿಗೆ ಒಬಿಡಿ-2, ಅಂದರೆ ಗಾಡಿಯ ಕಂಪ್ಯೂಟರು ತೊಂದರೆಯನ್ನು ಕೋಡ್ ಆಗಿ ಬರೆದಿಡುವ ವ್ಯವಸ್ಥೆ, ಕಡ್ಡಾಯ ಆಯಿತು. ಸ್ಟೇರಿಂಗಿನ ಕೆಳಗೆ ಎಲ್ಲೋ 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಬ್ಲೂಟೂತ್ ಅಡಾಪ್ಟರ್ ಅದಕ್ಕೆ ಸಿಕ್ಕಿಸಿದರೆ ಮೊಬೈಲಿನಲ್ಲೇ ಕೋಡ್ ಓದಬಹುದು. ನಾನು 700 ರೂಪಾಯಿಗೆ ತಗೊಂಡದ್ದು ನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದೆ. ಸಿಕ್ಕಿಸಿದೆ. ಕೋಡ್ ಇಲ್ಲ! ಬ್ಯಾಟರಿ ಬಿಚ್ಚಿದಾಗ ಎಲ್ಲಾ ಅಳಿಸಿಹೋಗಿತ್ತು. ಗಾಡಿ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಂಡದ್ದನ್ನು ತೋರಿಸುವ ರೆಡಿನೆಸ್ ಅನ್ನುವ ಪುಟ ನೋಡಿದರೆ ಬಹುತೇಕ ಪರೀಕ್ಷೆಗಳ ಮುಂದೆ ಇನ್‌ಕಂಪ್ಲೀಟ್ ಅಂತ ಇತ್ತು. ಇತ್ತೀಚೆಗೆ ಯಾರೋ ಸ್ಲೇಟು ಒರೆಸಿದ್ದಾರೆ ಅನ್ನುವುದಕ್ಕೆ ಅದೇ ಗುರುತು. ಹಳೇ ಗಾಡಿ ಕೊಳ್ಳುವಾಗಲೂ ಈ ಪುಟ ನೋಡಿ. ದೀಪ ಇಲ್ಲ, ಆದರೆ ಪರೀಕ್ಷೆಗಳೆಲ್ಲ ಅರ್ಧಂಬರ್ಧ ಅಂದರೆ ಮಾರುವವರನ್ನು ಒಂದು ಪ್ರಶ್ನೆ ಕೇಳಬೇಕು, ಅಲ್ವಾ?

ಆ 200 ರೂಪಾಯಿ ಕೊಟ್ಟು ತಮ್ಮ ಕೊಂಡದ್ದು ನನಗೆ ಒಂದು ದಿನದ ಜಾಸ್ತಿ ಕೆಲಸ. ತೊಂದರೆ ಮತ್ತೆ ಬರಿಸಬೇಕಿತ್ತು. ನಾಲ್ಕು ಜನ ಕೂತು ಏರಿನಲ್ಲಿ ಮೂರನೇ ಗೇರಿನಲ್ಲಿ ಎಳೆಸಿದೆವು. ಎರಡನೇ ಸುತ್ತಿಗೆ ನಡುಕ ಬಂತು, ದೀಪ ಮಿನುಗಿತು. ಕೋಡ್ ಪಿ0302. ಕೊನೆಯ 2 ಅಂದರೆ ಎರಡನೇ ಸಿಲಿಂಡರಿನಲ್ಲಿ ಮಿಸ್ಸಿಂಗ್, ಅಲ್ಲಿ ಪೆಟ್ರೋಲು ಸರಿಯಾಗಿ ಉರಿಯುತ್ತಿಲ್ಲ. ಹಳದಿ ದೀಪ ಸುಮ್ಮನೆ ಹತ್ತಿ ನಿಂತರೆ ಈ ವಾರ ನೋಡಿಸಿ ಅಂತ ಅರ್ಥ. ಮಿನುಗಿದರೆ ಈಗಲೇ ಆಕ್ಸಿಲರೇಟರ್ ಬಿಡಿ, ಕನ್ವರ್ಟರ್ ಸುಡುತ್ತಿದೆ ಅಂತ. ಕನ್ವರ್ಟರಿನ ಬೆಲೆ ಗೊತ್ತಿದ್ದವರಿಗೆ ಕಾಲು ತಾನಾಗೇ ಮೇಲೇಳುತ್ತದೆ.

ಎರಡನೇ ಕಾಯಿಲ್ ಬಿಚ್ಚಿ ಎಳೆದೆ. ಪುಸಕ್ ಅಂತ ಬಂತು, ಬರಬಾರದ ಸದ್ದು. ಕಾಯಿಲಿನ ಕೆಳಗಿನ ರಬ್ಬರ್ ಬೂಟು ಎಣ್ಣೆಯಲ್ಲಿ ನೆನೆದು, ಊದಿ, ಹಲಸಿನ ತೊಳೆಯ ಹಾಗೆ ಮೆತ್ತಗಾಗಿತ್ತು. ಅದರ ಮೈಮೇಲೆ ಕೂದಲೆಳೆಯಷ್ಟು ಕಪ್ಪು ಗೆರೆ. ಕಿಡಿ ಪ್ಲಗ್ಗಿಗೆ ಹೋಗದೆ ಪಕ್ಕದ ಲೋಹಕ್ಕೆ ಹಾರಿ ಹಾರಿ ಬರೆದದ್ದು. ಮೊಬೈಲ್ ಟಾರ್ಚ್ ಬಿಟ್ಟು ಪ್ಲಗ್ಗಿನ ಗುಂಡಿಯೊಳಗೆ ನೋಡಿದರೆ ಪ್ಲಗ್ಗೇ ಕಾಣುತ್ತಿಲ್ಲ, ಬೆರಳುದ್ದ ಎಣ್ಣೆ ನಿಂತಿದೆ. ನನ್ನ ಮುಖ ಅದರಲ್ಲಿ ಕಂಡಿತು.

ಆಗ ಎಲ್ಲಾ ಒಂದೇ ದಾರಕ್ಕೆ ಬಂತು. ಟ್ಯಾಪೆಟ್ ಕವರಿನ ಕೆಳಗೆ ರಬ್ಬರ್ ಪ್ಯಾಕಿಂಗ್ ಇರುತ್ತದೆ, ಪ್ಲಗ್ ಗುಂಡಿಗಳ ಸುತ್ತ ಬಳೆಯಂಥ ಸೀಲುಗಳು. ಶಾಖಕ್ಕೆ ಅವು ಪ್ಲಾಸ್ಟಿಕ್ಕಿನ ಹಾಗೆ ಗಟ್ಟಿಯಾಗಿದ್ದವು. ಒಳಗಿನಿಂದ ಎಣ್ಣೆ ಎರಡನೇ ಗುಂಡಿಗೆ ಇಳಿದು ಬೂಟನ್ನು ಕೆಡಿಸಿತು, ಅದು ಮಿಸ್ಸಿಂಗ್, ಅದು ಹಳದಿ ದೀಪ. ಹೊರಗಡೆ ಇಂಜಿನ್ನಿನ ಹಿಂಬದಿಯಿಂದ ಸೋರಿದ್ದು ಬಿಸಿ ಎಕ್ಸಾಸ್ಟಿನ ಮೇಲೆ ಬಿದ್ದು ಅಲ್ಲೇ ಸುಟ್ಟುಹೋಗುತ್ತಿತ್ತು. ಮನೆ ಮುಂದೆ ನೆಲದ ಮೇಲೆ ಒಂದು ತೊಟ್ಟೂ ಬೀಳುತ್ತಿರಲಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. "ಎರಡು ತಿಂಗಳಿಂದ ಎಣ್ಣೆ ಸುಟ್ಟ ವಾಸನೆ ಬರ್ತಿತ್ತು, ಮುಂದೆ ಹೋಗೋ ಲಾರಿಯದು ಅಂದ್ಕೊಂಡಿದ್ದೆ" ಅಂದ ತಮ್ಮ. ಹೀಗೆ ಸೋರಿದ್ದು, 19 ಸಾವಿರ ಕಿಲೋಮೀಟರಿನಲ್ಲಿ ಇಂಜಿನ್ ತಾನೇ ಕುಡಿದದ್ದು ಎರಡೂ ಸೇರಿ ಆಯಿಲ್ ತಳ ಕಂಡಿತು. ಅದು ಕೆಂಪು ದೀಪ. ಆಯಿಲ್ ಸಾಲದೆ ಮೇಲಿನ ವಾಲ್ವುಗಳು ಒಣಗಿ ಬಡಿದುಕೊಂಡವು. ಅದು ಟಕಟಕ.

ಹಾಗಾದರೆ ಮಿಸ್ಸಿಂಗ್ ಘಾಟಿಯಲ್ಲೇ ಯಾಕೆ ಬಂತು? ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರಿನೊಳಗೆ ಒತ್ತಡ ಜಾಸ್ತಿ. ಆ ಒತ್ತಡದಲ್ಲಿ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಿಸಲು ಜಾಸ್ತಿ ವೋಲ್ಟೇಜ್ ಬೇಕು. ಕರೆಂಟು ಸುಲಭದ ದಾರಿ ಹುಡುಕುತ್ತದೆ, ಕೆಟ್ಟ ಬೂಟಿನ ಮೂಲಕ ಪಕ್ಕಕ್ಕೆ ಹಾರುತ್ತದೆ. ಸಮತಟ್ಟಿನಲ್ಲಿ ಈ ಕಷ್ಟ ಇಲ್ಲ, ಹಾಗಾಗಿ ಗಾಡಿ ಅವನಿಗೆ ಚೆನ್ನಾಗೇ ಓಡುತ್ತಿತ್ತು.

ಖಾತ್ರಿಗೆ ಎರಡನೇ ಕಾಯಿಲನ್ನು ಮೂರಕ್ಕೂ ಮೂರನೆಯದನ್ನು ಎರಡಕ್ಕೂ ಬದಲಿಸಿ ಮತ್ತೆ ಏರು ಹತ್ತಿಸಿದೆ. ಕೋಡ್ ಪಿ0303 ಆಯಿತು. ತೊಂದರೆ ಕಾಯಿಲಿನ ಜೊತೆಗೇ ಹೋಯಿತು. ಇಂಜೆಕ್ಟರು, ಕಂಪ್ರೆಷನ್ನು ಅಂತ ಹುಡುಕುತ್ತಾ ಹೋಗುವುದು ತಪ್ಪಿತು. ಖರ್ಚು ಸೊನ್ನೆ.

ಕೆಲಸಕ್ಕಿಂತ ಹುಡುಕಾಟವೇ ದೊಡ್ಡದು. ಗುಂಡಿಯ ಎಣ್ಣೆಯನ್ನು ಬಟ್ಟೆಯಲ್ಲಿ ಹೀರಿಸಿ ತೆಗೆದ ಮೇಲೇ ಪ್ಲಗ್ ಬಿಚ್ಚಿದೆ, ಇಲ್ಲದಿದ್ದರೆ ಅದೆಲ್ಲ ಸಿಲಿಂಡರಿನೊಳಗೆ ಹೋಗುತ್ತದೆ. ಪ್ಯಾಕಿಂಗ್ ಮತ್ತು ಸೀಲು ಸೆಟ್ 380, ಮೂರು ಪ್ಲಗ್ 420, ಆಯಿಲ್, ಫಿಲ್ಟರ್, ಡ್ರೈನ್ ವಾಷರ್ ಸೇರಿ 1,440. ಕವರಿನ ಬೋಲ್ಟುಗಳನ್ನು ಬಲ ಹಾಕಿ ಬಿಗಿಯಬಾರದು. ಜಾಸ್ತಿ ಬಿಗಿದರೆ ಹೊಸ ಪ್ಯಾಕಿಂಗೂ ಸೋರುತ್ತದೆ, ಅಲ್ಯೂಮಿನಿಯಮ್ ಸಿಲಿಂಡರ್ ಹೆಡ್ಡಿನಲ್ಲಿ ಬೋಲ್ಟು ಕೂರುವ ತಿರುಪಿನ ಮರೆಯೂ ಹೋಗುತ್ತದೆ.

ಒಂದು ಗರಗರ ಸದ್ದು ಆಮೇಲೂ ಉಳಿದಿತ್ತು, 2,000 ಸುತ್ತಿನ ಹತ್ತಿರ ಮಾತ್ರ. ತಮ್ಮನ ಮುಖ ಮತ್ತೆ ಬಾಡಿತು. ಸೈಲೆನ್ಸರ್ ಪೈಪಿನ ಮೇಲಿನ ತಗಡಿನ ಹೀಟ್ ಶೀಲ್ಡ್ ತುಕ್ಕು ಹಿಡಿದು ಸಡಿಲ ಆಗಿತ್ತು, ಅಷ್ಟೇ. ಎರಡು ಜುಬ್ಲಿ ಕ್ಲಿಪ್ ಸುತ್ತಿ ಬಿಗಿದೆ, 60 ರೂಪಾಯಿ.

ಇಲ್ಲಿ ನನ್ನದೂ ಒಂದು ತಪ್ಪಿದೆ, ಬರೆಯಲೇಬೇಕು. ಕಾಯಿಲ್ ಹೊಸದಕ್ಕೆ 1,750. ಬೂಟು ಮಾತ್ರ ಬದಲಿಸಿದರೆ 130. ದುಡ್ಡು ಉಳಿಸುವ ಹುಮ್ಮಸ್ಸಿನಲ್ಲಿ ಬೂಟು ಬದಲಿಸಿ, ಕಾಯಿಲ್ ಒರೆಸಿ ಹಾಕಿದೆ. ಏರು ಹತ್ತಿತು, ಕೋಡ್ ಬರಲಿಲ್ಲ. ಬಿಲ್ಲು 3,580ಕ್ಕೆ ನಿಂತಿತು, ನಾನು ಬೀಗಿದೆ. ಮೂರು ವಾರಕ್ಕೆ, ಒಂದು ಮಳೆಯ ಬೆಳಗ್ಗೆ, ಬೇಲೂರು ರಸ್ತೆಯಿಂದ ಫೋನು. ಮತ್ತೆ ಮಿನುಗು. ಅಷ್ಟು ದಿನ ಅಡ್ಡದಾರಿಗೆ ಕಿಡಿ ಹಾರಿಸಿದ ಕಾಯಿಲ್ ಒಳಗೂ ಸೋತಿತ್ತು. ಹೊಸದು ಹಾಕಿದೆ. ಒಟ್ಟು 5,330. 6,000ದೊಳಗೇ ಇತ್ತು, ಆದರೆ ಆ ಬೂಟಿನ 130 ನನ್ನ ಲೆಕ್ಕಕ್ಕೆ ಅಂತ ಅವನು ಈಗಲೂ ರೇಗಿಸುತ್ತಾನೆ.

ಬೆಳಗ್ಗೆ ತಣ್ಣಗಿರುವಾಗ ಸಣ್ಣದೊಂದು ಟಿಕ್ ಟಿಕ್ ಇನ್ನೂ ಇದೆ, ಎರಡು ನಿಮಿಷಕ್ಕೆ ಹೋಗುತ್ತದೆ. ವಾಲ್ವ್ ಕ್ಲಿಯರೆನ್ಸ್, ಅಂದರೆ ವಾಲ್ವಿನ ಸಂದು, ನೋಡಿಸಬಹುದು. ಸದ್ಯಕ್ಕೆ ಬಿಟ್ಟಿದ್ದೇನೆ. ಪ್ರತಿ ಭಾನುವಾರ ತಮ್ಮನಿಂದ ಡಿಪ್‌ಸ್ಟಿಕ್ಕಿನ ಫೋಟೋ ಬರುತ್ತದೆ. ಮೊದಲನೇ ವಾರದ ಫೋಟೋದಲ್ಲಿ ಆಯಿಲ್ ಕಮ್ಮಿ ಕಂಡು ನನಗೆ ಎದೆ ಧಸಕ್ಕೆಂದಿತ್ತು. ಫೋನ್ ಮಾಡಿದರೆ ಹಿಂದೆ ಗುರ್ ಅಂತ ಸದ್ದು. ಇಂಜಿನ್ ಓಡುತ್ತಾ, ಆಯಿಲ್ ಮೇಲೆಲ್ಲ ಸುತ್ತುತ್ತಿರುವಾಗಲೇ ಕಡ್ಡಿ ಎಳೆದಿದ್ದ.